ಬ್ಯಾಟರಿ ನೀರು

ಆ ಗೊಂಬೆಗೆ ಟಾರ್ಚಿನ ಸೆಲ್ಲೇ ಸಾಕು ಎಂದು ನಾನು ಆಗಲೇ ಹೇಳಿದ್ದೆ. ಈಗ ಯಾರ ಮುಂದೆ ಹೇಳಿದರೂ, ಆದದ್ದು ಆಗಿಹೋಯಿತಲ್ಲ ಯಮುನಾ, ಬಿಟ್ಟುಬಿಡು ಎನ್ನುತ್ತಾರೆ. ನಾನು ಬಿಡುವುದಿಲ್ಲ. ಬಿಡಲಿಕ್ಕೆ ಅದೇನು ಹಾಲು ಉಕ್ಕಿದ ಮಾತೇ?

ಕೊಡಗು ಮೈಸೂರಿನ ಜೊತೆ ಸೇರಿದ ಹೊಸದು. ನಮ್ಮ ಮನೆ ಸುಂಟಿಕೊಪ್ಪದಿಂದ ಒಳಗೆ, ತೋಟದ ದಾರಿಯಲ್ಲಿ. ನನ್ನ ಗಂಡ ಸಾಂತಪ್ಪ ಪೇಟೆಯ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮನೆಯಲ್ಲಿ ನಾವಿಬ್ಬರು, ಮಾತು ಆಗಷ್ಟೇ ಕೂಡಿಬರುತ್ತಿದ್ದ ನಮ್ಮ ಮಗಳು, ಮತ್ತೆ ಮಾವ ಉತ್ತಯ್ಯ. ಮಗಳಿಗೆ ಹೆಸರಿಟ್ಟಿದ್ದೆವು, ಆದರೆ ಕರೆಯುತ್ತಿದ್ದದ್ದು ಪಾಪ ಎಂದೇ.

ಮಾವ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿಯಿಂದ ಕಾಳು ಕೊಯ್ಯಲು ಹೋಗಿ ಏಣಿ ಜಾರಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಕೈ ಮಾತ್ರ ಕಬ್ಬಿಣ, ಗಂಟಲು ಅದಕ್ಕಿಂತ ಗಟ್ಟಿ. ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತು ಇಡೀ ದಿನ ನನ್ನನ್ನು ಕೂಗುತ್ತಿದ್ದರು. "ಯಮುನಾ, ನೀರ್ ತಾ ಮಗಾ." "ಯಮುನಾ, ನಶ್ಯದ ಡಬ್ಬಿ ಎಲ್ಲಿ ಉಟ್ಟು?" ಉಟ್ಟು ಎಂದರೆ ನಮ್ಮ ಕಡೆ ಇದೆ ಎಂದು. ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ಮೀನು ಸಾರಿಗೂ ಮಲ್ಲಿಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾನು ಅನ್ನದ ಕೈಯಲ್ಲೇ ಓಡಬೇಕು. ಒಮ್ಮೊಮ್ಮೆ ಕೋಪ ಬರುತ್ತಿತ್ತು, ಗೊಣಗುತ್ತಿದ್ದೆ. ಆದರೆ ನಾನು ಆ ಮನೆಗೆ ಬಂದ ಮೇಲೆ ನನ್ನನ್ನು ಮಗಾ ಎಂದು ಕರೆದವರು ಅವರೊಬ್ಬರೇ. ಪಾಪನಂತೂ ಅವರ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಅವಳಿಗೆ ಮೊದಲು ಬಂದ ಮಾತು ಅಮ್ಮ ಅಲ್ಲ, ಅಜ್ಜ.

ಒಂದು ದಿನ ಇವರು ತೋಟದ ದೊರೆ ಬಂಗಲೆಗೆ ಜೀಪು ರಿಪೇರಿಗೆ ಹೋದವರು ಅಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ತಗಡಿನ ಮನುಷ್ಯನ ಚಿತ್ರ ನೋಡಿ ಬಂದರು. ಅದಕ್ಕೆ ರೋಬಟ್ ಎನ್ನುತ್ತಾರಂತೆ. ಹೇಳಿದ ಕೆಲಸ ಮಾಡುತ್ತದಂತೆ, ಊಟ ಕೇಳುವುದಿಲ್ಲವಂತೆ.

"ಅಪ್ಪಂಗೆ ನೀರು ತಂದು ಕೊಡುವ ಒಂದು ಆಳು ಮಾಡ್ತೆ ನೋಡ್," ಎಂದರು.

"ಮೊದಲು ಬಚ್ಚಲಿನ ಬಾಗಿಲಿಗೆ ಚಿಲಕ ಮಾಡಿ ಕೊಡಿ," ಎಂದೆ.

ಚಿಲಕ ಆಗಲಿಲ್ಲ, ಗೊಂಬೆ ಆಯಿತು. ಸೀಮೆಎಣ್ಣೆ ಡಬ್ಬದ ಮೈ, ಮೇಲೆ ಹಾಲಿನ ಪುಡಿ ಡಬ್ಬದ ತಲೆ, ಗುಜರಿ ಕಾರಿನ ವೈಪರ್ ತಿರುಗಿಸುವ ಮೋಟಾರು, ಕೆಳಗೆ ಮರದ ಚಕ್ರ. ಎರಡು ತಗಡಿನ ಕೈ ಮುಂದೆ ಚಾಚಿ ಒಂದು ತಟ್ಟೆ ಹಿಡಿದಿರುತ್ತಿತ್ತು. ಒಳಗಿನ ಕೋಣೆಯ ಹೊಸ್ತಿಲಿನಿಂದ ಮಾವನ ಕುರ್ಚಿಯವರೆಗೆ ನೆಲದ ಮೇಲೆ ಎರಡು ಬಿದಿರಿನ ಪಟ್ಟಿ ಹೊಡೆದರು. ಅದರ ನಡುವೆ ಚಕ್ರ ಓಡಬೇಕು. ತಲೆಯ ಮೇಲೆ ಒಂದು ಸ್ವಿಚ್ಚು. ಈ ತುದಿಯಲ್ಲಿ ನಾವು ಹಾಕಬೇಕು, ಆ ತುದಿಯಲ್ಲಿ ಮಾವ ಆರಿಸಬೇಕು. ಮಾವ ಅದನ್ನು ಸುತ್ತ ನೋಡಿ ಚಿಕ್ಕ ಎಂದು ಹೆಸರಿಟ್ಟರು.

ಕಷ್ಟ ಇದ್ದದ್ದು ಅದರ ಹೊಟ್ಟೆಯದು. ಎಷ್ಟು ಹಾಕಿದರೂ ಸಾಲದು.

ಮೊದಲು ಟಾರ್ಚಿನ ಸೆಲ್ಲು. ನಾಲ್ಕನ್ನು ಬಿದಿರಿನ ಕೊಳವೆಯಲ್ಲಿ ಸಾಲಾಗಿ ತುಂಬಿ ತಂತಿ ಕೊಟ್ಟರು. ಚಿಕ್ಕ ಗುರ್ ಎಂದು ಹೊರಟು, ನಡುಮನೆಯ ಅರ್ಧಕ್ಕೆ ಬಂದು, ನಿದ್ದೆ ಬಂದವನ ಹಾಗೆ ನಿಧಾನವಾಗಿ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ನಾಲ್ಕು ಹೆಜ್ಜೆ. ಮಾವ ಕೈತಟ್ಟಿ ನಕ್ಕರು. "ನನ್ನಂಗೇ ಆತಲ್ಲೋ ಇದ್," ಎಂದರು. ಆ ನಗು ಇವರಿಗೆ ಚುಚ್ಚಿತು.

ಆಮೇಲೆ ತೋಟದ ಲೆಕ್ಕ ಬರೆಯುವ ರೈಟರು ದೇವರಾಜು ಅವರ ರೇಡಿಯೋ ಬ್ಯಾಟರಿ. ಕುಶಾಲನಗರದ ಕಡೆಯವರು, ಪಾಪದ ಮನುಷ್ಯ, ಕೇಳಿದ ಕೂಡಲೇ ಕೊಟ್ಟರು. ಇಟ್ಟಿಗೆಯಷ್ಟು ದಪ್ಪದ ರಟ್ಟಿನ ಪೆಟ್ಟಿಗೆ. ಅದರ ತಂತಿ ಮುಟ್ಟಿ ಇವರೇ ಒಮ್ಮೆ ಹಾರಿಬಿದ್ದರು, ಮೋಟಾರು ಮಾತ್ರ ಮಿಸುಕಲಿಲ್ಲ. ಅದಕ್ಕೆ ಹೊಡೆಯುವ ಜೋರು ಇದೆಯಂತೆ, ಎಳೆಯುವ ತಾಕತ್ತು ಇಲ್ಲವಂತೆ. "ಏನ್ ಸಾಂತಪ್ಪೋರೆ, ನಮ್ ರೇಡಿಯೋ ಈಗ ಕೆಮ್ಮೋದೂ ಇಲ್ವಲ್ರೀ," ಎಂದು ದೇವರಾಜು ಬಂದು ಗೋಳಾಡಿ ಪೆಟ್ಟಿಗೆ ತೆಗೆದುಕೊಂಡು ಹೋದರು.

ಲಾರಿ ಬ್ಯಾಟರಿಯನ್ನೂ ಹೊತ್ತು ತಂದರು. ಅದನ್ನು ಒಳಗಿಟ್ಟರೆ ಡಬ್ಬದ ತಳವೇ ಕಿತ್ತುಬಂತು. ಕೊನೆಗೆ ಇವರ ಕಣ್ಣು ಮೋಟಾರ್ ಸೈಕಲ್ಲಿನ ಬ್ಯಾಟರಿಯ ಮೇಲೆ ಬಿತ್ತು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಕಪ್ಪು ಮೈ, ಮೇಲೆ ಮೂರು ಬಿರಡೆ. ನೋಡಿದ ಕೂಡಲೇ ನನಗೆ ಅದು ಸೇರಲಿಲ್ಲ.

"ಇದ್ರೊಳಗೆ ಎಂಥ ಉಟ್ಟು?" ಎಂದು ಕೇಳಿದೆ.

"ಬ್ಯಾಟರಿ ನೀರು," ಎಂದರು ಇವರು.

ಇಲ್ಲಿ ಒಂದು ಮಾತು ಹೇಳಬೇಕು. ಆಗ ಪಾನನಿರೋಧ ಇತ್ತು. ಆದರೆ ನಮ್ಮಲ್ಲಿ ವರ್ಷಕ್ಕೊಮ್ಮೆ ಗುರುಕಾರಣರಿಗೆ, ಎಂದರೆ ಮನೆಯ ತೀರಿಹೋದ ಹಿರಿಯರಿಗೆ, ಎಡೆ ಇಡಬೇಕು. ಕೋಳಿ ಸಾರು, ರೊಟ್ಟಿ, ಜೊತೆಗೆ ಒಂದು ಲೋಟ ಸಾರಾಯಿ. ಸರಕಾರ ಬೇಡ ಎಂದರೆ ಹಿರಿಯರು ಕೇಳುತ್ತಾರೆಯೇ? ಆದ್ದರಿಂದ ಎಲ್ಲರ ಮನೆಯಲ್ಲೂ ಎಲ್ಲೋ ಒಂದು ಕುಪ್ಪಿ ಅಡಗಿರುತ್ತಿತ್ತು. ನಮ್ಮಲ್ಲಿ ಅದು ಉಗ್ರಾಣದಲ್ಲಿ, ಭತ್ತ ತುಂಬಿಡುವ ಪತ್ತಾಯದ ಹಿಂದೆ. ಒಮ್ಮೆ ಪೊಲೀಸರು ಹುಡುಕಲು ಬಂದು ಅದನ್ನು ಎತ್ತಿ ಹಿಡಿದಾಗ ಮಾವ ಕುರ್ಚಿಯಲ್ಲೇ ಕುಳಿತು, "ಅಯ್ಯೋ ಸ್ವಾಮಿ, ಬಿರಡೆ ತೆಗೀಬೇಡಿ, ಕಣ್ಣು ಹೋದೀತು. ಮಗ ಗ್ಯಾರೇಜಿನಿಂದ ತಂದ ಬ್ಯಾಟರಿ ನೀರು ಅದು," ಎಂದಿದ್ದರು. ಪೊಲೀಸಿನವನು ಹಾವು ಮುಟ್ಟಿದವನ ಹಾಗೆ ಕೆಳಗಿಟ್ಟು ಹೋದ. ಅಂದಿನಿಂದ ಆ ಮಾತು ನಮ್ಮ ಬಳಗದಲ್ಲೆಲ್ಲ ಹರಡಿತು. ಮದುವೆ ಮನೆಯಲ್ಲಿ ಕಣ್ಣು ಮಿಟುಕಿಸಿ "ಬ್ಯಾಟರಿ ನೀರು ಉಟ್ಟಾ?" ಎನ್ನುವುದು, ನಗುವುದು. ಬಾಳೆಲೆ ಎಂಬ ಊರಿಗೆ ಕೊಟ್ಟ ನನ್ನ ಅತ್ತಿಗೆ, ಇವರ ಅಕ್ಕ ತಂಗಮ್ಮ, ಆ ಹೆಸರಲ್ಲದೆ ಬೇರೆ ಹೆಸರನ್ನೇ ಹೇಳುತ್ತಿರಲಿಲ್ಲ.

ಈಗ ನಿಜವಾದ ಬ್ಯಾಟರಿ ನೀರೇ, ಬ್ಯಾಟರಿಗೆ ಹುಯ್ಯುವ ಆಸಿಡ್ಡೇ, ಮನೆಗೆ ಬಂತು. ಮಾವ ಅದನ್ನು ಕೇಳಿ ಕೆಮ್ಮು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಇವರು ಅದನ್ನು ಬ್ಯಾಟರಿಗೆ ಹುಯ್ಯುವಾಗ ಒಂದು ಹನಿ ಪಂಚೆಗೆ ಸಿಡಿಯಿತು. ಆಗ ಏನೂ ಕಾಣಲಿಲ್ಲ. ಮಾರನೆಯ ದಿನ ಒಗೆಯುವ ಕಲ್ಲಿನ ಮೇಲೆ ಹಿಂಡಿದರೆ ಆ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಆ ಪಂಚೆ ಹಿಡಿದುಕೊಂಡೇ ಇವರ ಹತ್ತಿರ ಹೋದೆ.

"ಸೆಲ್ಲು ಮುಗಿದ್ರೆ ಗೊಂಬೆ ನಿಲ್ತದೆ, ಅಷ್ಟೇ ಅಲ್ವಾ? ಇದು ಚೆಲ್ಲಿದ್ರೆ ಎಂಥ ಮಾಡುದು? ಮನೇಲಿ ಮಗು ಉಟ್ಟು," ಎಂದೆ.

"ಸೆಲ್ಲ್ ಆಕಿಲೆ ಯಮುನಾ, ಸಾಲ್ದ್. ಮುಗಿದ್ರೆ ಬಿಸಾಡೆಕ್. ಇದಾದ್ರೆ ಗ್ಯಾರೇಜಿಗೆ ಕೊಂಡೋಗಿ ಚಾರ್ಜ್ ಮಾಡಿ ತಂದ್ರಾತ್. ವರ್ಷಗಟ್ಟಲೆ ಓಡ್ತದೆ."

"ಅವ್ರಿಗೆ ನೀರು ನಾನೇ ಕೊಡ್ತೆ. ಇದ್ ಬೇಡ."

"ಅಪ್ಪ ನಕ್ಕದ್ ನೋಡಿದ್ಯಾ?" ಎಂದರು. ಅಲ್ಲಿಗೆ ನನಗೆ ತಿಳಿಯಿತು. ಗೊಂಬೆ ಈಗ ನೀರು ಕೊಡಲಿಕ್ಕಲ್ಲ, ಅಪ್ಪನ ಬಾಯಿಯಿಂದ ಭೇಷ್ ಅನ್ನಿಸಿಕೊಳ್ಳಲಿಕ್ಕೆ.

ಉಳಿದ ಆಸಿಡ್ಡನ್ನು ಗ್ಯಾರೇಜಿಗೆ ವಾಪಸು ಕೊಡಿ ಎಂದೆ. ಚಿಕ್ಕ ಒಮ್ಮೊಮ್ಮೆ ವಾಲಿ ಬೀಳುತ್ತದೆ, ಒಳಗಿನದು ಚೆಲ್ಲಿದರೆ ತುಂಬಲು ಬೇಕು ಎಂದು ಅದನ್ನು ಉಗ್ರಾಣದ ಮೇಲಿನ ಹಲಗೆಯ ಮೇಲೆ, ಪಾಪನ ಕೈಗೆ ಎಟುಕದ ಹಾಗೆ ಇಟ್ಟರು. ಅದನ್ನು ತುಂಬಿದ್ದು ದೊರೆ ಬಂಗಲೆಯಿಂದ ಬಂದ ಖಾಲಿ ಬ್ರಾಂಡಿ ಕುಪ್ಪಿಯಲ್ಲಿ. ಪತ್ತಾಯದ ಹಿಂದಿನದೂ ಅದೇ ತರದ ಕುಪ್ಪಿ. ಎರಡರಲ್ಲೂ ನೀರಿನಂತೆ ತಿಳಿಯಾದದ್ದು. ಗುರುತು ಇರಲಿ ಎಂದು ನಾನು ಹಟ ಹಿಡಿದಾಗ ಇವರು ಆಸಿಡ್ಡಿನ ಕುಪ್ಪಿಯ ಕತ್ತಿಗೆ ಮೋಟಾರಿನ ಕೆಂಪು ವೈರು ಸುತ್ತಿ ಗಂಟು ಹಾಕಿದರು. ಕೆಂಪು ಅಂದರೆ ಅಪಾಯ, ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು ಎಂದರು. ನಾನೂ ಒಪ್ಪಿದೆ.

ಹೊಸ ಬ್ಯಾಟರಿ ಹಾಕಿದ ಮೇಲೆ ಚಿಕ್ಕ ಬೇರೆಯೇ ಆಯಿತು. ಮೊದಲಿನ ಗುರ್ ಗುರ್ ಇಲ್ಲ. ಒಂದೇ ಸಮನೆ ಸಣ್ಣ ದನಿಯಲ್ಲಿ ಮುಲುಗುತ್ತಾ, ತಟ್ಟೆಯ ಲೋಟ ತುಳುಕದ ಹಾಗೆ, ನೆಟ್ಟಗೆ ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ಬೆನ್ನು ಹಾಕಿ ಕುಳಿತಿದ್ದರೂ ಆ ದನಿ ನನ್ನ ಕತ್ತಿನ ಹಿಂದೆಯೇ ಬಂದಂತಾಗುತ್ತಿತ್ತು. ಅದನ್ನು ಕಂಡರೆ ಬೆಕ್ಕು ಜಗಲಿಗೆ ಬರುವುದನ್ನೇ ಬಿಟ್ಟಿತು. ಬ್ಯಾಟರಿಯ ಬಿರಡೆಯಿಂದ ಒಸರಿದ್ದು ಬಿದ್ದಲ್ಲೆಲ್ಲ ನನ್ನ ಕೆಂಪು ಗಾರೆ ನೆಲ ಬಿಳಿಚಿಕೊಂಡು, ಕೈಯಾಡಿಸಿದರೆ ಪುಡಿ ಏಳುತ್ತಿತ್ತು. ಮಾವನಿಗೆ ಮಾತ್ರ ಅದರ ಮೇಲೆ ಪ್ರೀತಿ ಬಂದುಬಿಟ್ಟಿತು. ನನ್ನನ್ನು ಕೂಗುವುದು ಕಡಿಮೆಯಾಯಿತು. ಸುಖವಾಗಬೇಕಿತ್ತು ನನಗೆ. ಆಗಲಿಲ್ಲ, ಮನೆ ಬಿಕೋ ಎನ್ನುತ್ತಿತ್ತು.

ಹಿರಿಯರಿಗೆ ಎಡೆ ಇಡುವ ದಿನ ಬಂತು. ಬಾಳೆಲೆ ಊರಿನಿಂದ ಅತ್ತಿಗೆ ಬಂದರು, ಮಾವನ ತಮ್ಮ ಪೊನ್ನಪ್ಪ ಚಿಕ್ಕಪ್ಪನ ಮನೆಯವರು ಬಂದರು. ಪದ್ಧತಿ ಹೀಗೆ. ಕೋಣೆಯಲ್ಲಿ ದೀಪ ಹಚ್ಚಿ ಬಾಳೆಯ ಎಲೆಯಲ್ಲಿ ಎಲ್ಲ ಬಡಿಸಿ, ಸಾರಾಯಿಯ ಲೋಟ ಇಟ್ಟು, ಅದರಿಂದ ಎಲೆಗೆ ಎರಡು ಹನಿ ಚಿಮುಕಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಮುಟ್ಟುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯಬೇಕು. ಆಮೇಲೆ ಆ ಲೋಟ ಮೊದಲು ಮನೆಯ ಯಜಮಾನನಿಗೆ. ಅವರು ಒಂದು ಗುಟುಕು ಕುಡಿದ ಮೇಲೆ ಮನೆಯ ತೀರ ಚಿಕ್ಕ ಮಗುವಿನ ನಾಲಿಗೆಗೆ ಬೆರಳಿನಿಂದ ಒಂದು ಹನಿ. ಅದಾದ ಮೇಲೆ ಉಳಿದವರಿಗೆ. ಎಡೆಗೆ ಇಡುವ ಯಾವುದನ್ನೂ ಮೊದಲು ರುಚಿ ನೋಡಬಾರದು, ಮೂಸಿಯೂ ನೋಡಬಾರದು. ನಮ್ಮಲ್ಲಿ ಸಾರಿಗೆ ಉಪ್ಪು ಹಾಕುವುದೂ ಅಂದು ಕಣ್ಣಂದಾಜಿನಲ್ಲೇ.

ಲೋಟವನ್ನು ಮಾವನ ಹತ್ತಿರ ಚಿಕ್ಕ ತರುತ್ತದೆ ಎಂದು ಇವರು ಎಲ್ಲರ ಮುಂದೆ ಹೇಳಿಬಿಟ್ಟಿದ್ದರು.

"ಹಿರಿಯರ ಪ್ರಸಾದವ ತಗಡಿನ ಕೈಲಿ ಕಳ್ಸುದಾ?" ಎಂದೆ ನಾನು.

"ಇರ್ಲಿ ಬಿಡ್ ಮಗಾ," ಎಂದರು ಮಾವ. "ನನ್ನ ಅಪ್ಪನೂ ನೋಡ್ಲಿ, ಮೊಮ್ಮಗ ಎಂಥ ಮಾಡ್ದ ಅಂತ."

ದೀಪ ಹಚ್ಚುವ ಹೊತ್ತಿಗೆ ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಇವರು ನಡುಮನೆಯಲ್ಲಿ ಚಿಕ್ಕನ ಹೊಟ್ಟೆ ಬಿಚ್ಚಿ, ಬ್ಯಾಟರಿಯೊಳಗೆ ಇಣುಕುತ್ತಿದ್ದರು. ನೀರು ಕೆಳಗೆ ಇಳಿದಂತೆ ಕಂಡಿತಂತೆ. ಅಷ್ಟರಲ್ಲಿ ಅತ್ತಿಗೆ ಬಂದು ಕೇಳಿದರು. ಆ ಮಾತು ನಾನು ಕೇಳಲಿಲ್ಲ. ಆಮೇಲೆ ಅತ್ತಿಗೆ ಎದೆ ಬಡಿದುಕೊಂಡು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ.

"ಸಾಂತೂ, ಹೊತ್ತಾತ್. ಬ್ಯಾಟರಿ ನೀರು ತರೆಕ್ ಅಲ್ವಾ?"

ಅಕ್ಕ ತನಗೆ ಕೈ ಕೂಡಿಸಲು ಬಂದಳು ಎಂದುಕೊಂಡರು ಇವರು. ತಲೆ ಎತ್ತಲಿಲ್ಲ. "ಹೂಂ, ತಾ ಅಕ್ಕ. ಉಗ್ರಾಣದ ಹಲಗೆ ಮೇಲೆ ಉಟ್ಟು. ಕೆಂಪು ಕಟ್ಟಿದ ಕುಪ್ಪಿ. ಜೋಪಾನ."

ಅತ್ತಿಗೆ ಹೋಗಿ ನೋಡಿದರು. ಎತ್ತರದಲ್ಲಿ, ಯಾರ ಕೈಯೂ ತಾಗದಲ್ಲಿ, ಕತ್ತಿಗೆ ಕೆಂಪು ಕಟ್ಟಿದ ಕುಪ್ಪಿ. ನಮ್ಮಲ್ಲಿ ದೇವರಿಗೆ, ಹಿರಿಯರಿಗೆ ಎಂದು ಮೀಸಲು ತೆಗೆದಿಟ್ಟ ಗೊನೆಗೆ, ಗಡಿಗೆಗೆ ದಾರ ಕಟ್ಟುವುದುಂಟು. ಕಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ. ತಮ್ಮ ಎಷ್ಟು ಶ್ರದ್ಧೆಯಿಂದ ಮೀಸಲು ಕಟ್ಟಿಟ್ಟಿದ್ದಾನೆ ಎಂದು ಅತ್ತಿಗೆಗೆ ಕಣ್ಣು ತುಂಬಿ ಬಂತಂತೆ. ಮುಖ ಆಚೆ ತಿರುಗಿಸಿ, ಉಸಿರು ತಾಗದ ಹಾಗೆ ಲೋಟಕ್ಕೆ ಬಗ್ಗಿಸಿದರು. ಇತ್ತ ಇವರು ತಂತಿ ಬಿಗಿ ಮಾಡಿ ನೋಡಿದರೆ ಚಿಕ್ಕ ಚೆನ್ನಾಗಿಯೇ ಓಡಿತು. ನೀರು ತರಲು ಹೇಳಿದ್ದೇ ಮರೆತುಹೋಯಿತು.

ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಪಾಪ ಅಜ್ಜನ ತೊಡೆಯ ಮೇಲೆ ಕುಳಿತು ಅವರ ಮೀಸೆ ಎಳೆಯುತ್ತಿದ್ದಳು. ಬಾಗಿಲು ತೆಗೆದಾಗ ಅತ್ತಿಗೆ ಎಡೆಯ ಎಲೆ ನೋಡಿ, "ಬನ್ನಿ ನೋಡಿ, ಹಿರಿಯರು ಮುಟ್ಟಿದ ಗುರ್ತು ಉಟ್ಟು," ಎಂದು ಕೈಮುಗಿದರು. ಸಾರಾಯಿ ಎಂದು ಚಿಮುಕಿಸಿದ ಹನಿ ಬಿದ್ದಲ್ಲಿ ಹಸಿರು ಎಲೆ ಕಂದು ಬಣ್ಣಕ್ಕೆ ತಿರುಗಿ ಬಾಡಿತ್ತು. ದೊಡ್ಡವರೆಲ್ಲ ತಲೆ ಬಾಗಿಸಿದರು. ಪೊನ್ನಪ್ಪ ಚಿಕ್ಕಪ್ಪ, ಈ ವರ್ಷ ಮನೆಗೆ ಒಳ್ಳೆದಾಗ್ತದೆ ಎಂದರು.

ಅತ್ತಿಗೆ ಲೋಟವನ್ನು ತಟ್ಟೆಯಲ್ಲಿಟ್ಟರು. ಇವರು ಸ್ವಿಚ್ಚು ಹಾಕಿದರು. ಚಿಕ್ಕ ಹೊರಟಿತು. ಇಡೀ ಮನೆ ನೋಡುತ್ತಿತ್ತು. ಒಂದು ಕಡೆ ಬಿದಿರಿನ ಪಟ್ಟಿ ಸ್ವಲ್ಪ ಎದ್ದಿತ್ತು, ಅಲ್ಲಿ ಒಮ್ಮೆ ವಾಲಿತು. ಬೀಳು ಎಂದುಕೊಂಡೆ ಮನಸ್ಸಿನಲ್ಲಿ. ಯಾಕೆ ಹಾಗೆ ಅನ್ನಿಸಿತೋ, ನನಗೆ ಆ ಗೊಂಬೆಯ ಮೇಲೆ ಇದ್ದದ್ದು ಬರೀ ಕೋಪ. ಅದು ಬೀಳಲಿಲ್ಲ. ಸರಿಮಾಡಿಕೊಂಡು ಕುರ್ಚಿಯವರೆಗೂ ಹೋಗಿ ನಿಂತಿತು.

"ಭೇಷ್ ಮಗನೇ!" ಎಂದರು ಮಾವ. ಲೋಟ ಎತ್ತಿ, ಕಣ್ಣಿಗೊತ್ತಿಕೊಂಡು, ತಲೆ ಹಿಂದಕ್ಕೆ ಹಾಕಿ, ಅವರು ಯಾವಾಗಲೂ ಕುಡಿಯುವ ಹಾಗೆ ದೊಡ್ಡದೊಂದು ಗುಟುಕು ಒಳಗೆ ಹಾಕಿದರು.

ಅವರು ಕೂಗಲಿಲ್ಲ. ಅವರ ಕಣ್ಣು ಅಗಲವಾಯಿತು, ಕತ್ತಿನ ನರಗಳೆಲ್ಲ ಎದ್ದವು. ಅಷ್ಟರಲ್ಲಿ ಪಾಪ ತನ್ನ ಸರದಿ ಎಂದು ಬಾಯಿ ತೆರೆದು ನಾಲಿಗೆ ಚಾಚಿ, ಲೋಟಕ್ಕೆ ಎರಡೂ ಕೈ ಹಾಕಿದಳು. ಮಾವ ಬಲಗೈಯಿಂದ ಲೋಟವನ್ನು ಬೀಸಿ ಗೋಡೆಗೆ ಎಸೆದರು. ಎಡಗೈಯಿಂದ ಮಗುವಿನ ಬಾಯಿಯ ಮೇಲೆ ಪಟ್ಟೆಂದು ಹೊಡೆದು, ಅಂಗೈಯನ್ನು ಹಾಗೇ ಒತ್ತಿ ಹಿಡಿದರು. ಮಗು ಕಾಲು ಬಡಿಯಿತು. ಅವರು ಬಿಡಲಿಲ್ಲ.

"ಅಪ್ಪಾ, ಹುಚ್ಚು ಹಿಡ್ದುಟ್ಟಾ ನಿಮ್ಗೆ?" ಎಂದು ಅತ್ತಿಗೆ ಚೀರಿದರು. "ಹಿರಿಯರ ಲೋಟ ಅದ್!"

ನಾನು ಓಡಿಹೋಗಿ ಪಾಪನನ್ನು ಅವರ ಕೈಯಿಂದ ಕಿತ್ತುಕೊಂಡೆ. ಬೈದೆ ಕೂಡ. ಮಗುವಿನ ಕೆನ್ನೆಯ ಮೇಲೆ ಐದು ಬೆರಳು ಎದ್ದು ಕಾಣುತ್ತಿದ್ದವು. ಪೊನ್ನಪ್ಪ ಚಿಕ್ಕಪ್ಪ ತಪ್ಪು ಕಾಣಿಕೆ ಇಡಬೇಕು ಎನ್ನುತ್ತಾ ಕೋಣೆಯ ಕಡೆ ತಿರುಗಿ ಕೈಮುಗಿಯುತ್ತಿದ್ದರು. ಇವರೊಬ್ಬರು ಮಾತ್ರ ನೆಲ ನೋಡುತ್ತಾ ನಿಂತಿದ್ದರು. ಚೆಲ್ಲಿದ ಜಾಗದಲ್ಲಿ ಗಾರೆ ಸುಯ್ಯೆಂದು ಬಿಳಿ ನೊರೆ ಏಳಿಸುತ್ತಿತ್ತು.

"ಅಕ್ಕಾ," ಎಂದರು, "ಯಾವ ಕುಪ್ಪಿ?"

"ನೀ ಹೇಳಿದ್ದೇ, ಕೆಂಪು ಕಟ್ಟಿದ್," ಎಂದರು ಅತ್ತಿಗೆ. ಚಿಕ್ಕನ ಸ್ವಿಚ್ಚು ಆರಿಸುವವರು ಯಾರೂ ಇರಲಿಲ್ಲ. ಅದು ಮಾವನ ಸತ್ತ ಕಾಲುಗಳಿಗೆ ಒತ್ತಿಕೊಂಡು, ಇನ್ನೂ ಮುಂದೆ ಹೋಗಬೇಕೆಂದು ಚಕ್ರ ತಿರುಗಿಸುತ್ತಲೇ ಇತ್ತು. ನಾನು ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ ಅದನ್ನು ಒದ್ದು ಉರುಳಿಸಿದೆ.

ಗ್ಯಾರೇಜಿನ ಲಾರಿಯಲ್ಲಿ ಮಡಿಕೇರಿ ಆಸ್ಪತ್ರೆಗೆ ಕೊಂಡುಹೋದೆವು. ಡಾಕ್ಟರು ಏನೇನೋ ಮಾಡಿದರು, ಕೊನೆಗೆ ಇವರನ್ನು ಆಚೆ ಕರೆದು ಮಾತಾಡಿದರು. ಮಾವನ ತುಟಿ, ನಾಲಿಗೆ, ಗಂಟಲು ಎಲ್ಲ ಬೆಂದುಹೋಗಿತ್ತು. ಆ ಗಂಟಲಿನಿಂದ ಮತ್ತೆ ಮಾತು ಬರಲಿಲ್ಲ. ನೀರು ಕುಡಿಯುವುದಕ್ಕೂ ಆಗದೆ, ಹತ್ತಿ ಅದ್ದಿ ತುಟಿಗೆ ಹಚ್ಚುತ್ತಿದ್ದೆ. ಕೂಗಿ ಮಾವ, ಒಂದು ಸಲ ಯಮುನಾ ಎಂದು ಕೂಗಿ, ಎಷ್ಟು ಸಲ ಬೇಕಾದರೂ ಓಡಿ ಬರುತ್ತೇನೆ ಎಂದು ಅವರ ಕಾಲು ಹಿಡಿದು ಅತ್ತೆ. ಆ ಕಾಲಿಗೆ ನನ್ನ ಕೈ ತಾಗಿದ್ದು ಕೂಡ ತಿಳಿಯಲಿಲ್ಲ.

ಅವರು ಕೇಳಿದ್ದು ಒಂದೇ. ಕೈಯನ್ನು ನೆಲದಿಂದ ಸ್ವಲ್ಪ ಎತ್ತರಕ್ಕೆ ಹಿಡಿದು ತೋರಿಸಿದರು. ಪಾಪ ಎಲ್ಲಿ?

ಅತ್ತಿಗೆ ಅವಳನ್ನು ಕರೆದುಕೊಂಡು ಬಂದರು. ಮಾವ ಕಣ್ಣು ತೆರೆದು ಎಡಗೈ ಚಾಚಿ, ಅಂಗೈ ಬಿಚ್ಚಿದರು. ಆ ಅಂಗೈ ನೋಡಿದ್ದೇ ತಡ, ಮಗು ನನ್ನ ಸೆರಗಿನೊಳಗೆ ನುಗ್ಗಿತು. ನಾನು ಎತ್ತಿ ಹತ್ತಿರ ಹಿಡಿದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಿರುಚಿತು.

"ಹೋಗ್ ಮಗಾ, ನಿನ್ನ ಅಜ್ಜ ಅಲ್ವಾ? ಅಜ್ಜ ಹೊಡ್ದಲ್ಲ, ನಿನ್ನ ಉಳಿಸಿದ್," ಎಂದೆ.

"ಅಜ್ಜ ಹೊಡ್ದೊ," ಎಂದಳು ಪಾಪ. "ಅಜ್ಜ ಬೇಡ."

ಕೈ ಚಾಚಿಕೊಂಡೇ ಮಾವ ಅದನ್ನು ಕೇಳಿಸಿಕೊಂಡರು. ಆಮೇಲೆ ಕೈಯನ್ನು ನಿಧಾನವಾಗಿ ಕಂಬಳಿಯ ಒಳಗೆ ಎಳೆದುಕೊಂಡು, ಅವಳನ್ನು ಆಚೆ ಕರೆದುಕೊಂಡು ಹೋಗು ಎಂದು ನನಗೆ ಕಣ್ಣಿನಲ್ಲೇ ಹೇಳಿದರು. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ಸಮಾಧಾನ ಮಾಡಿ, ಅವಳು ಅಳು ನಿಲ್ಲಿಸಿದ ಮೇಲೆ ತಿರುಗಿ ಬಂದಾಗ ಅವರು ಹೋಗಿಬಿಟ್ಟಿದ್ದರು.